ಎಲುಬಿನ ಅರ್ಬುದದ ಕಳ್ಳಗಾಲುವೆ

ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಅಕ್ರಮವಾಗಿ ನೀರೆಳೆದುಕೊಂಡರೆ ಕೊನೆಭಾಗದ ಮಾನ್ವಿ, ರಾಯಚೂರುಗಳ ಗದ್ದೆಗಳು ಬಾಯಾರುತ್ತವೆ. ಇದನ್ನು ನಮ್ಮ ಒಕ್ಕಲು ಮನೆತನಗಳಿಗೆ ನಾವು ತಿಳಿಸಿಕೊಡಬೇಕಾದುದಿಲ್ಲ. ಮಾನವದೇಹದಲ್ಲಿಯೂ ಇಂತಹದೇ ಕಳವು ನಡೆಯುವುದುಂಟು. ಎಲುಬಿನ ಉಗ್ರವಾದ ಅರ್ಬುದ, ಅಂದರೆ ಕ್ಯಾನ್ಸರ್, ತನ್ನ ಪೋಷಣೆಗೆ ತಾನೇ ರಕ್ತನಾಳಗಳನ್ನು ಬೆಳೆಯಿಸಿಕೊಳ್ಳುತ್ತದೆ.

ಹೊಸ ರಕ್ತನಾಳಗಳಿಲ್ಲದೆ ಗಂಟು ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಲಾರದೆಂಬ ವಿಚಾರವನ್ನು ಅಮೆರಿಕದ ವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮಂಡಿಸಿದರು. ಗಂಟಿನ ಒಳಗಣ ಜೀವಕೋಶಗಳು ಪ್ರಾಣವಾಯುವಿಲ್ಲದೆ ಕಂಗೆಟ್ಟಾಗ 'ವಿ.ಇ.ಜಿ.ಎಫ್.' ಮೊದಲಾದ ದ್ರವ್ಯಗಳನ್ನು ಸ್ರವಿಸುತ್ತವೆ. ಆ ಕರೆಗೆ ಓಗೊಟ್ಟು ನೆರೆಯ ರಕ್ತನಾಳಗಳು ಕವಲೊಡೆಯುತ್ತವೆ. ಮುರಿದ ಎಲುಬು ಕೂಡುವಾಗ ದೇಹವು ಬಳಸುವ ಉಪಾಯವೂ ಇದೇ. ಆದರೆ ಗಾಯ ಮಾಗಿದೊಡನೆ ದೇಹವು ಆ ಕೆಲಸವನ್ನು ನಿಲ್ಲಿಸುತ್ತದೆ, ಅರ್ಬುದವು ನಿಲ್ಲಿಸುವುದಿಲ್ಲ. ಅದರ ನಾಳಗಳು ವಕ್ರವಾದವು, ಸೋರುವಂತಹವು. ರೋಗದ ಕೋಶಗಳು ಅವುಗಳೊಳಗೆ ನುಸುಳಿ ರಕ್ತದೊಡನೆ ಶ್ವಾಸಕೋಶವನ್ನು ಸೇರುತ್ತವೆ.

ಇವುಗಳಲ್ಲಿ ಆಸ್ಟಿಯೋಸಾರ್ಕೋಮವೆಂಬುದು ಹೆಚ್ಚಾಗಿ 10ರಿಂದ 20 ವರ್ಷದ ಮಕ್ಕಳಲ್ಲಿ, ಬಹುಮಟ್ಟಿಗೆ ಮೊಣಕಾಲಿನ ಬಳಿ ತಲೆದೋರುತ್ತದೆ. ಆಟದಲ್ಲಿ ತಗಲಿದ ಪೆಟ್ಟೆಂದು ಬಗೆದು ಎಣ್ಣೆ ತಿಕ್ಕುವುದು, ಪಟ್ಟು ಕಟ್ಟಿಸುವುದು ನಮ್ಮಲ್ಲಿ ರೂಢಿ. ಹೆಣ್ಣುಮಗಳಾದರೆ ಮುಂದಿನ ಲಗ್ನದ ಚಿಂತೆಯಿಂದ ನೋವನ್ನು ಮುಚ್ಚಿಡುವ ಮನೆಗಳೂ ಉಂಟು. ಹೀಗೆ ಕಳೆದ ಒಂದೊಂದು ವಾರವೂ ಆ ಕಳ್ಳಗಾಲುವೆಗೆ ನಾವೇ ಕೊಟ್ಟ ಅವಕಾಶವಾಗುತ್ತದೆ.

ಹಿಂದೆ ಕಾಲನ್ನೇ ಕತ್ತರಿಸಿದರೂ ಐವರಲ್ಲಿ ನಾಲ್ವರು ಉಳಿಯುತ್ತಿರಲಿಲ್ಲ. ಶಸ್ತ್ರಕ್ರಿಯೆಗೆ ಮುನ್ನವೇ ರೋಗದ ಬೀಜ ಶ್ವಾಸಕೋಶಕ್ಕೆ ಬಿದ್ದಿರುತ್ತಿತ್ತು. ಈಗ ಮೊದಲು ಕೀಮೋಥೆರಪಿ ಕೊಟ್ಟು, ಬಳಿಕ ಶಸ್ತ್ರಕ್ರಿಯೆ ಮಾಡಿ, ಮತ್ತೆ ಔಷಧವನ್ನು ಮುಂದುವರಿಸುತ್ತಾರೆ. ರೋಗ ಹರಡುವ ಮುನ್ನ ಪೂರ್ಣ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕುತ್ತಾರೆ. ಅನೇಕರ ಕಾಲೂ ಉಳಿಯುತ್ತದೆ. ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಮಾತ್ರೆಗಳು ಮರುಕಳಿಸಿದ ರೋಗವನ್ನು ಕೆಲವು ತಿಂಗಳು ತಡೆಹಿಡಿದುದುಂಟು. ಆದರೆ ಅವು ಮುಖ್ಯ ಚಿಕಿತ್ಸೆಗೆ ಬದಲಿಯಲ್ಲ.

ಆದುದರಿಂದ ದೇವದುರ್ಗ, ಮಾನ್ವಿಗಳ ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ. ಮಗುವಿನ ಎಲುಬುನೋವು ಎರಡು ಮೂರು ವಾರಗಳಲ್ಲಿ ಇಳಿಯದಿದ್ದರೆ, ರಾತ್ರಿ ನಿದ್ದೆಗೆಡಿಸಿದರೆ, ಬಾವು ಬೆಳೆಯುತ್ತಿದ್ದರೆ, ತಿಕ್ಕದೆ ಎಕ್ಸರೇ ತೆಗೆಯಿಸಿರಿ. ವೈದ್ಯರಿಗೆ ಸಂಶಯ ಬಂದರೆ ರಾಯಚೂರಿನಿಂದ ಮುಂದಕ್ಕೆ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಅರ್ಬುದ ಚಿಕಿತ್ಸಾಲಯಕ್ಕೆ ಕರೆದೊಯ್ಯಿರಿ. ಗಂಟಿನ ತುಣುಕು ತೆಗೆದು ಪರೀಕ್ಷಿಸುವುದೂ ಶಸ್ತ್ರಕ್ರಿಯೆ ಮಾಡುವ ವೈದ್ಯರಲ್ಲಿಯೇ ಆಗುವುದು ಲೇಸು. ದಾರಿ ದೂರವೆಂದು ತಡೆಯಬೇಡಿರಿ; ರೋಗವು ಯಾರಿಗಾಗಿಯೂ ತಡೆಯುವುದಿಲ್ಲ.