ಬೇಸ್ ಏರಿಸಿದರೆ ಕನ್ನಡ ಏರುತ್ತದೆಯೇ?

ಕನ್ನಡದ ಯುವಕರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ನವೆಂಬರ್ 1ರಂದು ನೀವು ಬೀದಿಯಲ್ಲಿ ಹಾಕುವ ಹಾಡು ಯಾವ ಭಾಷೆಯದು? ಕನ್ನಡದ್ದೇ ಅನ್ನುತ್ತೀರಿ. ಸರಿ, ಸ್ಪೀಕರ್ ಪೆಟ್ಟಿಗೆಯಿಂದ ನೂರು ಅಡಿ ದೂರ ನಿಂತು ಅದರ ಒಂದು ಸಾಲು ಹೇಳಿ ನೋಡೋಣ. ದಬ್ ದಬ್ ದಬ್! ಎದೆ ನಡುಗುತ್ತದೆ, ಅಂಗಡಿಯ ಷಟರ್ ನಡುಗುತ್ತದೆ, ಮಾತು ಮಾತ್ರ ಇಲ್ಲ. ಆ ದಬ್ ದಬ್‌ಗೆ ಯಾವ ಭಾಷೆಯೂ ಇಲ್ಲ ಸ್ವಾಮಿ. ಇದಕ್ಕೇನು ನಾವು ಹಳದಿ ಕೆಂಪು ಬಾವುಟ ಹಿಡಿದದ್ದು?

ಹಿಂದೆಯಾದರೆ ಮೈಕ್ ಸೆಟ್‌ನವನನ್ನು ಬೈದು ಸುಮ್ಮನಾಗಬಹುದಿತ್ತು. ಈಗ ಹಾಡು, ಭಾಷಣ, ಪ್ರಚಾರದ ಆಟೋದ ಕೂಗು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸಿದ್ಧ ಮಾಡುವವರು ನೀವೇ. 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದರಲ್ಲಿ 'ಬೇಸ್ ಅಂಡ್ ಟ್ರೆಬಲ್' ಎಂಬ ಎಫೆಕ್ಟ್ ಇದೆ. ಬೇಸ್ ಕೆಳದನಿಯನ್ನು, ಟ್ರೆಬಲ್ ಮೇಲ್ದನಿಯನ್ನು ಏರಿಸಿ ಇಳಿಸುತ್ತದೆ; ಜೊತೆಗೊಂದು ವಾಲ್ಯೂಮ್. ಮೈನಸ್ 30 ಡೆಸಿಬಲ್‌ನಿಂದ ಪ್ಲಸ್ 30ರವರೆಗೆ ಎಳೆಯಬಹುದು. ಎಳೆಯಬಹುದು ಅಂದ ಮಾತ್ರಕ್ಕೆ ನಮ್ಮ ವೀರರು ಬೇಸನ್ನು ತುದಿ ಮುಟ್ಟಿಸಿಯೇ ಬಿಡುತ್ತಾರೆ! 10 ಡೆಸಿಬಲ್ ಅಂದರೆ ಶಕ್ತಿಯಲ್ಲಿ 10 ಪಟ್ಟು. 30 ಅಂದರೆ 1000 ಪಟ್ಟು. ಯಾವ ಪೆಟ್ಟಿಗೆ ತಡೆದೀತು? ಡಿಜಿಟಲ್ ಫೈಲಿಗೆ 0 ಡೆಸಿಬಲ್ ಎಂಬ ಚಾವಣಿಯಿದೆ. ಸಾಮಾನ್ಯ 16 ಬಿಟ್ ಫೈಲಾಗಿ ಉಳಿಸುವಾಗ ಚಾವಣಿ ದಾಟಿದ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ಅದರ ಮೇಲೆ ಸವಾರಿ ಮಾಡುತ್ತಿದ್ದ ಗಾಯಕನ ದನಿಯೂ ಅಲ್ಲೇ ಒಡೆಯುತ್ತದೆ.

ನಾನು ಪ್ರೆಸ್ ನಡೆಸುವವನು. ಮಸಿ ಜಾಸ್ತಿಯಾದರೆ ಅಕ್ಷರದ ಹೊಟ್ಟೆ ತುಂಬಿ 'ಪ' ಯಾವುದು, 'ಷ' ಯಾವುದು ತಿಳಿಯುವುದಿಲ್ಲ. 'ಚೆನ್ನಾಗಿ ಕಪ್ಪಗಿದೆ' ಎಂದು ಯಾವ ಗಿರಾಕಿಯೂ ಅಂಥ ಕರಪತ್ರ ಒಯ್ಯುವುದಿಲ್ಲ. ಕಿವಿಯ ಕಥೆಯೂ ಅದೇ. ಗಂಡಸಿನ ದನಿಯ ಮೂಲ ಕಂಪನ ಸುಮಾರು 100 ಹರ್ಟ್ಸ್, ಹೆಂಗಸಿನದು ಸುಮಾರು 200. ಆದರೆ ಮಾತನ್ನು ಮಾತಾಗಿಸುವ ವ್ಯಂಜನಗಳು ಮೇಲಿವೆ. 'ಸ'ಕಾರದ ಬಲವೆಲ್ಲ ಇರುವುದು 4000 ಹರ್ಟ್ಸ್‌ನಿಂದಾಚೆ. ಕೆಳದನಿ ಜೋರಾದರೆ ಮೇಲ್ದನಿಯನ್ನು ಮುಚ್ಚಿಹಾಕುತ್ತದೆ, ಇದು ಕಿವಿಯ ಸ್ವಭಾವ. ಹಳೆಯ ಟೆಲಿಫೋನು ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಬೇಸ್ ಇಲ್ಲವೇ ಇಲ್ಲ ಅನ್ನಬೇಕು. ಅದರಲ್ಲೇ ನಮ್ಮ ಅಪ್ಪಂದಿರು ಮದುವೆ ಮಾತುಕತೆ, ಜಮೀನು ವ್ಯವಹಾರ, ಜಗಳ ಎಲ್ಲ ಕನ್ನಡದಲ್ಲೇ ಮುಗಿಸಲಿಲ್ಲವೇ?

ಹಾಗೆಂದು ಟ್ರೆಬಲ್ ಹುಚ್ಚು ಹಿಡಿಸಿಕೊಳ್ಳಬೇಡಿ. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ನಾಟಕಕ್ಕೆ ಟ್ರೆಬಲ್ ಏರಿಸಿದರೆ ಟೇಪಿನ 'ಸ್ಸ್' ಸದ್ದೂ ಜೊತೆಗೇ ಏರುತ್ತದೆ.

ಇನ್ನೊಂದು ಮಾತು ಖಾರವಾಗಿಯೇ ಹೇಳುತ್ತೇನೆ. ಗೋಡೆ ತೂರಿ ಪಕ್ಕದ ಮನೆಗೆ ಹೋಗುವುದು ಬೇಸ್, ಸಾಹಿತ್ಯವಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಒಳಗೆ ಹಸುಗೂಸು, ಹೃದಯದ ಕಾಯಿಲೆಯವರು. ಅವರು ಪೊಲೀಸರಿಗೆ ಫೋನ್ ಮಾಡಿದರೆ ಕನ್ನಡದ್ರೋಹಿಗಳೇ? ಅವರಿಗೆ ತಲುಪಿದ್ದು ಕನ್ನಡವೇ ಅಲ್ಲವಲ್ಲ! ಮಾರನೆಯ ದಿನ 'ಕನ್ನಡದವರ ಗಲಾಟೆ' ಅನ್ನಿಸಿಕೊಳ್ಳುವವರು ಮಾತ್ರ ನಾವೆಲ್ಲರೂ.

ಕಾರಿನ ಡಿಕ್ಕಿಯಲ್ಲಿ ಊಫರ್ ಇಟ್ಟುಕೊಂಡು ಮೆರೆಯುವವರಿಗೆ ನಾನೇನೂ ಹೇಳಲಾರೆ. ಉಳಿದವರು ಹೀಗೆ ಮಾಡಿ: ಭಾಷಣವಾದರೆ ಬೇಸ್ ಮೈನಸ್ 4, ಟ್ರೆಬಲ್ ಪ್ಲಸ್ 3ರಿಂದ ಶುರು ಮಾಡಿ. ಅಲೆ ಚಾವಣಿ ಮುಟ್ಟಿದರೆ ವಾಲ್ಯೂಮ್ ಇಳಿಸಿ. ಹೆಡ್‌ಫೋನ್ ತೆಗೆದು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಆಮೇಲೆ ಆ ಹಾಡು ಗೊತ್ತಿಲ್ಲದ ಯಾರಾದರೊಬ್ಬ ಅಜ್ಜಿಯನ್ನು ಬೀದಿಯ ತುದಿಯಲ್ಲಿ ಕೂರಿಸಿ, ಏನು ಕೇಳಿಸಿತಮ್ಮಾ ಅನ್ನಿ. ಒಂದು ಸಾಲನ್ನೂ ಹೇಳಲಾಗದಿದ್ದರೆ ಬೇಸನ್ನು ಇನ್ನೂ 3 ಇಳಿಸಿ.