ಅರವತ್ನಾಲ್ಕು ಮನೆ, ಭಾಗ 4: ಆ ‘ಇಂಡಿಯನ್’ ಯಾರು ಹೇಳ್ರಪ್ಪಾ?

ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೋ ಇಂಡಿಯನ್ ಅಂತ ಬಾಯಿಪಾಠ ಒಪ್ಪಿಸ್ತೀರಲ್ಲ, ಆ ‘ಇಂಡಿಯನ್’ ಯಾರು ಅಂತ ಒಂದ್ಸಲಾನಾದ್ರೂ ಹುಡುಕಿದೀರಾ? ಹೋದ ಭಾಗಕ್ಕೆ ಒಬ್ರು ಕಾಮೆಂಟ್ ಹಾಕಿದ್ರು: ಓಪನಿಂಗ್ ಥಿಯರಿ ಎಲ್ಲ ಯೂರೋಪಿನೋರದ್ದು, ನಾವು ಬರೀ ಕಾಪಿ ಹೊಡೆಯೋರು. ಸುಳ್ಳು ಕಣ್ರೋ.

ಹೆಸರು ಬರ್ಕೊಳ್ಳಿ: ಮಹೇಶ್‌ಚಂದ್ರ ಬ್ಯಾನರ್ಜಿ. ಬಂಗಾಳದವರು, ಪಟ್ಟಣದೋರಲ್ಲ, ನಮ್ಮ ಹಾಗೆ ಹಳ್ಳಿ ಕಡೆಯವರು. ಎದುರಾಳಿ ಜಾನ್ ಕಾಕ್ರೇನ್, ಕಲ್ಕತ್ತದಲ್ಲಿ ವಕೀಲಿ ಮಾಡ್ತಿದ್ದ ಸ್ಕಾಟ್ಲೆಂಡಿನ ಬ್ಯಾರಿಸ್ಟರ್, ಆ ಕಾಲದ ದೊಡ್ಡ ಆಟಗಾರ. ಇಬ್ಬರೂ ಆಡಿದ ನೂರಾರು ಆಟ ಇವತ್ತಿಗೂ ಸಿಗುತ್ತೆ.

1855ರ ಒಂದು ಆಟ ತಗೊಳ್ಳಿ. ಕಾಕ್ರೇನ್ ಬಿಳಿ, ಡಿ4. ಮಹೇಶ್‌ಚಂದ್ರ ಕುದುರೆ ಎಫ್6ಕ್ಕೆ. ಸಿ4ಗೆ ಜಿ6. ಬಿಳಿ ಕುದುರೆ ಸಿ3ಗೆ ಬಂತು, ಇವರು ಡಿ5 ತಳ್ಳಿದ್ರು. ನಡುಭಾಗ ಬಿಳಿಗೆ ಬಿಟ್ಟುಕೊಟ್ಟು, ಒಂಟೆನ ಜಿ7ರಲ್ಲಿ ಹೊಂಚು ಹಾಕಿ ಕೂರಿಸಿ, ಆಮೇಲೆ ಸಿ5 ತಳ್ಳಿ ಆ ನಡುಭಾಗನೇ ಒಡೆಯೋದು. ಗೆದ್ದದ್ದು ಮಾತ್ರ ಕಾಕ್ರೇನ್. ಇದೇ ನಡೆನ ವಿಯೆನ್ನಾದ ಅರ್ನ್ಸ್ಟ್ ಗ್ರೂನ್‌ಫೆಲ್ಡ್ ಆಡಿದ್ದು 1922ರಲ್ಲಿ. ಅರವತ್ತೇಳು ವರ್ಷ ತಡ! ಹೆಸರು? ಗ್ರೂನ್‌ಫೆಲ್ಡ್ ಡಿಫೆನ್ಸ್.

ನೀವು ಹೇಳೋದು ಗೊತ್ತು: ಗ್ರೂನ್‌ಫೆಲ್ಡ್ ಅದನ್ನ ಶಾಸ್ತ್ರ ಮಾಡಿ ಜಗತ್ತಿಗೆ ಕೊಟ್ಟ, ಇವರು ಸುಮ್ನೆ ಆಡಿದ್ರು ಅಷ್ಟೇ. ಸರಿ, ಒಪ್ಪಿದೆ. ಹಾಗಾದ್ರೆ ‘ಕಾಕ್ರೇನ್ ಗ್ಯಾಂಬಿಟ್’ ಏನು? ಪೆಟ್ರಾಫ್ ಡಿಫೆನ್ಸ್‌ನಲ್ಲಿ ನಾಲ್ಕನೇ ನಡೆಗೇ ಕುದುರೆನ ಎಫ್7ರಲ್ಲಿ ಬಲಿ ಕೊಡೋದು. 1848ರಲ್ಲಿ ಕಾಕ್ರೇನ್ ಅದನ್ನ ಆಡಿದ್ದು ಇದೇ ಮಹೇಶ್‌ಚಂದ್ರರ ಮೇಲೆ. ಸಾಹೇಬ ಆಡಿದ್ರೆ ಸಾಹೇಬನ ಹೆಸರು, ನಮ್ಮೋನು ಆಡಿದ್ರೆ ದೇಶದ ಹೆಸರು. ಯಾವ ನ್ಯಾಯ ಇದು?

ಇವರಿಗೆ ಈ ತರದ ಆಟ ಎಲ್ಲಿಂದ ಬಂತು ಅಂದ್ರೆ, ಆಗ ನಮ್ಮ ದೇಸಿ ಆಟದಲ್ಲಿ ಸಾಮಾನ್ಯವಾಗಿ ಸಿಪಾಯಿ ಮೊದಲ ಸಲಾನೂ ಒಂದೇ ಮನೆ ಹೋಗೋದು. ಹಂಗಾಗಿ ನಿಧಾನಕ್ಕೆ ಕಟ್ಟೋದು ರೂಢಿ. ಅದನ್ನ ಹಿಂದುಳಿದ ಆಟ ಅಂದ್ರೆ ನಾನೊಪ್ಪಲ್ಲ.

ನಮ್ಮ ಕಡೆಯ ಉಂಡೆ ಕೊಬ್ಬರಿ ಹಾಗೇ ಅಲ್ವಾ? ತಿಪಟೂರು ಮಾರ್ಕೆಟ್ ದಾಟಿ ಉತ್ತರಕ್ಕೆ ಹೋದ್ಮೇಲೆ ಶೆಟ್ಟಿಕೆರೆ ತೋಟದ್ದು ಅಂತ ಯಾರೂ ಹೇಳಲ್ಲ.

ಅದೇ ಕಾಲಕ್ಕೆ ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆನ ಅರವತ್ನಾಲ್ಕೂ ಮನೆ ಸುತ್ತಿಸೋ ಲೆಕ್ಕ ಕಟ್ತಿದ್ರು. ಹೆಸರು ಉಳೀತು, ಅರಮನೆ ಇತ್ತಲ್ಲ, ಬರೆಸಿಟ್ರು. ಮಹೇಶ್‌ಚಂದ್ರರ ಆಟ ಉಳಿದದ್ದು ಎದುರಿಗೆ ಕೂತ ಕಡೆಯವರು ಬರೆದು ಲಂಡನ್ ಪತ್ರಿಕೆಗೆ ಕಳಿಸಿದ್ರಿಂದ. ಆ ಉಪಕಾರ ಮರೆಯೋ ಹಾಗಿಲ್ಲ. ಆದ್ರೆ ಹೆಸರನ್ನ ಒಬ್ಬೊಬ್ರು ಒಂದೊಂದು ಸ್ಪೆಲಿಂಗಲ್ಲಿ ಬರೆದು, ಈಗ ಹುಡುಕೋಕೆ ಹೋದ್ರೆ ಒಬ್ಬ ಮನುಷ್ಯ ಮೂರು ಜನ ಆಗಿ ಸಿಕ್ತಾರೆ. ನಮ್ಮೂರ ಕಟ್ಟೆ ಮೇಲೆ ಆಡಿದ ಒಂದೇ ಒಂದು ಆಟ ಬರೆದಿಟ್ಟೋರು ಯಾರಿದೀರಾ? ನೀವು ಮೊಬೈಲಲ್ಲಿ ಸೋತ ತಕ್ಷಣ ಹೊಸ ಆಟ ಒತ್ತೋರು.

ಸೋಮವಾರ ಊಟದ ಬಿಡುವಲ್ಲಿ ಬೋರ್ಡ್ ತರ್ತೀನಿ, ಜೊತೆಗೆ ಒಂದು ನೋಟ್‌ಬುಕ್ಕು. ನೀವು ಬಿಳಿ, ಡಿ4 ಆಡಿ. ಮೂರನೇ ನಡೆಗೆ ನಾನು ಡಿ5 ತಳ್ತೀನಿ. ನೋಟ್‌ಬುಕ್ಕಲ್ಲಿ ಅದಕ್ಕೆ ಯಾರ ಹೆಸರು ಬರೀತೀರೋ ನೋಡೇಬಿಡ್ತೀನಿ.

#ಶೆಟ್ಟಿಕೆರೆ #ಚದುರಂಗ #ಮಹೇಶ್‌ಚಂದ್ರಡಿಫೆನ್ಸ್