ಪರವೂರಿನ ಶಿಕ್ಷಕರನ್ನು ತನ್ನವರೆನ್ನುವ ಶಾಲೆ ಬೇಕು

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಪುಂಜಾಲಕಟ್ಟೆ ಸಿಗುತ್ತದೆ. ಈ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಶಿಕ್ಷಕರು ಬಹಳ ಕಾಲದಿಂದ ದುಡಿಯುತ್ತಿದ್ದಾರೆ. ಈ ಪತ್ರಿಕೆ ಓದುವ ಹಲವರ ಮಕ್ಕಳು, ಸೊಸೆಯಂದಿರು ಅವರಲ್ಲಿ ಇದ್ದಾರು. ಅವರು ವರ್ಗಾವಣೆ ಕೇಳಿದಾಗ ನಾವೇ ಕಾರಣ ಹೇಳಿಬಿಡುತ್ತೇವೆ: ಮಳೆ ಜಾಸ್ತಿ, ಕುಚ್ಚಲಕ್ಕಿ ಅನ್ನ ಒಗ್ಗಲಿಲ್ಲ, ಊರು ದೂರ.

ದೂರವೇನೋ ನಿಜ. ಆದರೆ ಅದಷ್ಟೇ ಕಾರಣವೆಂದು ನಾನು ಒಪ್ಪುವುದಿಲ್ಲ. ಮಳೆಗೆ ಕೊಡೆ ಇದೆ, ರೊಟ್ಟಿಯನ್ನು ಬಾಡಿಗೆ ಕೋಣೆಯಲ್ಲೂ ಬಡಿಯಬಹುದು. ಶಿಕ್ಷಕರ ಕೊಠಡಿಯಲ್ಲಿ ಐದು ಜನ ತುಳುವಿನಲ್ಲಿ ಮಾತಾಡಿ ನಗುವಾಗ ಆರನೆಯವರು ಸುಮ್ಮನೆ ಹಾಜರಿ ಪುಸ್ತಕ ತಿರುವುತ್ತ ಕೂರುವ ಕಷ್ಟಕ್ಕೆ ಏನು ಮಾಡುವುದು? ತುಳು ಅವರ ಮನೆಮಾತು, ಆಡುವುದು ತಪ್ಪಲ್ಲ. ಯಾರಾದರೊಬ್ಬರು ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದರೆ ಸಾಕು. ಹೊಸಬರೂ ತುಳು ಕಲಿಯಬೇಕು, ಒಂದನೇ ತರಗತಿಯ ಎಷ್ಟೋ ಮಕ್ಕಳು ಅಳುವುದೇ ಆ ಭಾಷೆಯಲ್ಲಿ. ಆದರೆ ಕಲಿಸುವವರು ಬೇಕಲ್ಲ! (ನಮ್ಮ ಗಟ್ಟಿ ದನಿ ಅವರಿಗೆ ಜಗಳದಂತೆ ಕೇಳುತ್ತದೆ, ಅವರ ಪುಸ್ತಕದ ಕನ್ನಡ ನಮ್ಮನ್ನು ದೂರ ಇಟ್ಟಂತೆ ಕೇಳುತ್ತದೆ.)

ಒಂಟಿಯಾದವರು ಪಾಠವನ್ನೇನೂ ಬಿಡುವುದಿಲ್ಲ. ಬಿಟ್ಟುಹೋಗುವುದು ಪಾಠದಾಚೆಯ ಕೆಲಸ: ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಅಣಿಗೊಳಿಸುವುದು, ಮೂರು ದಿನ ಬಾರದ ಹುಡುಗನ ಮನೆಗೆ ಹೋಗಿ ಬರುವುದು. ಇವು ಯಾವ ತಪಾಸಣೆಯಲ್ಲೂ ಕಾಣುವುದಿಲ್ಲ.

ಭಾಷೆಗಿಂತ ಕೆಟ್ಟದ್ದು ದರ್ಜೆ. 2017ರ ನೇಮಕಾತಿ ನಿಯಮ, 1ರಿಂದ 7ನೇ ತರಗತಿಗೆಂದು ಸೇರಿದ್ದ ಶಿಕ್ಷಕರನ್ನು 1ರಿಂದ 5ಕ್ಕೆ ಸೀಮಿತಗೊಳಿಸಿತು. ಮೇಲಿನ ತರಗತಿಗಳಿಗೆ ಪದವೀಧರ ಶಿಕ್ಷಕರೆಂಬ ಬೇರೆ ವೃಂದ. 2024ರ ಆಗಸ್ಟ್ 12ರಂದು ಪ್ರಾಥಮಿಕ ಶಿಕ್ಷಕರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದ್ದು ಈ ನೋವಿಗೇ. ಬೇಡಿಕೆ ನ್ಯಾಯವಾದದ್ದು. ಆದರೆ ಸರ್ಕಾರದ ಮೇಲಿನ ಸಿಟ್ಟು ಶಾಲೆಯೊಳಗೆ ಪಕ್ಕದ ಕುರ್ಚಿಯವರ ಮೇಲಿನ ಮುನಿಸಾಗಬಾರದು. ಇಬ್ಬರಿಗಿಂತಲೂ ಕೆಳಗೆ ಅತಿಥಿ ಶಿಕ್ಷಕರಿದ್ದಾರೆ. 2025–26ರ ಬಜೆಟ್ಟಿನಲ್ಲಿ ಅವರ ಗೌರವಧನ 2,000 ರೂ. ಹೆಚ್ಚಿತು; ಮುಂದಿನ ಜೂನಿನಲ್ಲಿ ಕೆಲಸ ಇದ್ದೀತೆಂಬ ಭರವಸೆ ಮಾತ್ರ ಇಲ್ಲ. ಅವರನ್ನು ಸಭೆಗೆ ಕರೆಯದ ಶಾಲೆಗಳೂ ಇವೆ. ಒಂದೇ ಕಾಯಕ ಮಾಡುವವರಲ್ಲಿ ಈ ಮೇಲುಕೀಳು ಏಕೆ?

ಮುಖ್ಯಶಿಕ್ಷಕರು ಮನಸ್ಸು ಮಾಡಿದರೆ ಬಹಳಷ್ಟು ಸರಿಹೋಗುತ್ತದೆ. ಚುನಾವಣೆ, ಸಮೀಕ್ಷೆ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಹೊಸಬರ ತಲೆಗೆ ಕಟ್ಟದೆ ಹಂಚಲಿ. ಮನೆಯ ಹಿರಿಯರೂ ಫೋನಿನಲ್ಲಿ ‘ವರ್ಗ ಯಾವಾಗ ಆಗತೈತಿ?’ ಎಂದಷ್ಟೇ ಕೇಳದೆ, ‘ಇವತ್ತು ಯಾರ ಜೋಡಿ ಊಟ ಮಾಡಿದಿ?’ ಎಂದೂ ಕೇಳಲಿ. ಇನ್ನು ಕರಾವಳಿಯ ಸಹೋದ್ಯೋಗಿಗಳಿಗೆ ಒಂದು ಮಾತು: ಗುರುತಿಲ್ಲದ ಊರಿನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ. ಹೊಸಬರು ಬಂದ ವಾರದಲ್ಲೇ ಜೊತೆಗೆ ನಡೆದು ಒಂದು ಮನೆ ಹುಡುಕಿಕೊಡಿ.